ಗಾಲಿಯೊಳಗಿನ ಗಾಳಿ: ಹಗುರ ಟೈರಿನ ಚರಿತ್ರೆಯೂ ಗಿಣಿಗೇರಾದ ನೆಲವೂ

ಕೊಪಣನಾಡಿನ ಬಂಡೆಗಳನ್ನು ನಮ್ಮ ವಿದ್ವಾಂಸರು ಬಹುಕಾಲದಿಂದ ಓದುತ್ತ ಬಂದಿರುವರು. ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕಶಾಸನಗಳು, ಜೈನರ ನಿಸಿದಿಗಳು, ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳಿನ ಸೀಮೆಯನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣವನ್ನೂ ಎಣಿಸಿರುವುದು, ಇವೆಲ್ಲ ವಾಚಕರಿಗೆ ಸುಪರಿಚಿತವಾದ ವಿಷಯಗಳು. ಆದರೆ ಆ ಬಂಡೆಗಳ ನಡುವಣ ನೆಲವನ್ನು, ಅದರಲ್ಲಿಯೂ ಆ ನೆಲದ ಮೇಲೆ ಉರುಳಿದ ಗಾಲಿಯನ್ನು, ಚರಿತ್ರೆಯ ಸಾಮಗ್ರಿಯೆಂದು ಎಣಿಸಿದವರು ವಿರಳ. ಕೊಪ್ಪಳಕ್ಕೂ ಹೊಸಪೇಟೆಗೂ ನಡುವೆ ಇರುವ ಗಿಣಿಗೇರಾ ಎಂಬ ಊರು ಇಂತಹ ಪರಿಶೀಲನೆಗೆ ತಕ್ಕ ಸ್ಥಳ. ರೈಲುಮಾರ್ಗವು ಮಹಬೂಬನಗರದ ಕಡೆಗೆ ಕವಲೊಡೆಯುವುದು ಇಲ್ಲಿಯೇ. ಕಬ್ಬಿಣ, ಉಕ್ಕುಗಳ ಕಾರ್ಖಾನೆಗಳು ಇರುವುದೂ ಇಲ್ಲಿಯೇ. ಹೆದ್ದಾರಿಯ ಡಾಂಬರಿನಿಂದ ನೂರು ಹೆಜ್ಜೆ ಇಳಿದರೆ ಮಸಾರಿಯ ಕೆಂಪು ಗರಸು, ಇನ್ನಷ್ಟು ದೂರ ಹೋದರೆ ಎರೆಯ ಕಪ್ಪು ಮಣ್ಣು, ಎರಡರ ಅಂಚಿನಲ್ಲಿಯೂ ಮುಳ್ಳು.

ಪ್ರಕೃತ ವಿಷಯವು ಸೈಕಲ್ಲಿನ ಟೈರು. ಅದರಲ್ಲಿಯೂ ಗುಡ್ಡಗಾಡಿನ ಓಟಕ್ಕಾಗಿ ನಿರ್ಮಿಸಲ್ಪಡುವ ಹಗುರವಾದ ಟೈರು. ಈ ವಸ್ತುವಿನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ತೂಕದ ಅಂಕೆಗಳನ್ನು ಇಳಿಯುವ ಕ್ರಮದಲ್ಲಿ ಜೋಡಿಸಿ, ಹಗುರವಾದುದೇ ಮುಂದುವರಿದುದು, ಭಾರವಾದುದು ಹಿಂದುಳಿದುದು ಎಂಬ ತೀರ್ಮಾನಕ್ಕೆ ಬರುವರು. ಈ ದೃಷ್ಟಿಯಲ್ಲಿ ಗಿಣಿಗೇರಾದ ಹಾಲು ಮಾರುವವನ ಟೈರು ಒಂದು ಶತಮಾನದಷ್ಟು ಹಿಂದಿನದಾಗಿಬಿಡುತ್ತದೆ. ಆ ಚರಿತ್ರೆಯಲ್ಲಿ ಸವಾರನಿದ್ದಾನೆ, ಯಂತ್ರವಿದೆ. ನೆಲ ಮಾತ್ರ ಇಲ್ಲ. ನೆಲವನ್ನು ಸೇರಿಸಿ ಓದಿದರೆ ಕಥೆಯ ಆಕಾರವೇ ಬೇರೆಯಾಗುವುದೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಮಾತಿನ ವಿಚಾರ. ನಮ್ಮ ಭಾಷೆಯಲ್ಲಿ ‘ಗಾಲಿ’ಗೂ ‘ಗಾಳಿ’ಗೂ ಇರುವ ಅಂತರ ಒಂದೇ ಅಕ್ಷರದ್ದು. ಇವೆರಡಕ್ಕೂ ಧಾತುಸಂಬಂಧವಿದೆಯೆಂದು ನಾನು ವಾದಿಸುತ್ತಿಲ್ಲ. ಅಂತಹ ನಿರುಕ್ತಿಗಳಿಂದ ನಮ್ಮ ಪತ್ರಿಕೆಗಳು ಈಗಾಗಲೇ ಸಾಕಷ್ಟು ನೊಂದಿವೆ. ಆದರೆ ಸಾವಿರಾರು ವರ್ಷ ಗಾಲಿಯೊಳಗೆ ಗಾಳಿ ಇರಲಿಲ್ಲ. ಬಂಡಿಯ ಮರದ ಗಾಲಿಗೆ ಕಮ್ಮಾರನು ಕಬ್ಬಿಣದ ಹಳಿಯನ್ನು ಕಾಯಿಸಿ ತೊಡಿಸಿ ನೀರೆರೆದು ಬಿಗಿಮಾಡುತ್ತಿದ್ದನು. ಆ ಹಳಿಗೆ ಮುಳ್ಳಿನ ಭಯವಿಲ್ಲ. ಅದು ಮುಳ್ಳನ್ನು ಅರೆದು ಮುಂದೆ ಸಾಗುವುದು. ಮುಳ್ಳಿಗೂ ಗಾಲಿಗೂ ವೈರ ಹುಟ್ಟಿದುದು ಗಾಲಿಯೊಳಗೆ ಗಾಳಿ ಹೊಕ್ಕ ಮೇಲೆಯೇ.

ಗಾಳಿಯನ್ನು ಗಾಲಿಗೆ ಮೊದಲು ತುಂಬಿದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. 1845ರಲ್ಲಿ ಅವನು ಪಡೆದ ಹಕ್ಕುಪತ್ರದಲ್ಲಿ ರಬ್ಬರು ಬಳಿದ ಬಟ್ಟೆಯ ಕೊಳವೆ, ಅದರ ಮೇಲೆ ತೊಗಲಿನ ಹೊದಿಕೆ ಇವುಗಳ ವರ್ಣನೆಯಿದೆ. ಅವನ ಟೈರುಗಳಲ್ಲಿ ಒಂದು ಜೊತೆಯು ಕುದುರೆಗಾಡಿಯಲ್ಲಿ 1,200 ಮೈಲಿ ಓಡಿದುದುಂಟು. ಆದರೂ ರಬ್ಬರು ದುಬಾರಿಯಾಗಿದ್ದುದರಿಂದಲೂ, ಅದನ್ನು ಬೇಡುವ ಹಗುರವಾದ ವಾಹನವು ಇನ್ನೂ ಹುಟ್ಟದಿದ್ದುದರಿಂದಲೂ ಲೋಕವು ಅದನ್ನು ಮರೆಯಿತು. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್ಲಪ್ 1887–88ರಲ್ಲಿ ಅದನ್ನೇ ಮತ್ತೊಮ್ಮೆ ಕಂಡುಹಿಡಿದನು. ಅವನ ಉದ್ದೇಶ ವೇಗವಾಗಿರಲಿಲ್ಲ ಎಂಬುದು ಗಮನಾರ್ಹ. ಕಲ್ಲು ಹಾಸಿದ ಬೀದಿಯಲ್ಲಿ ಮಗನ ಮೂರುಗಾಲಿಯ ಬಂಡಿ ಕುಲುಕುತ್ತಿದ್ದುದನ್ನು ತಪ್ಪಿಸುವುದಷ್ಟೇ ತಂದೆಯ ಇಚ್ಛೆ. ಮರದ ತಟ್ಟೆಯೊಂದಕ್ಕೆ ಗಾಳಿ ತುಂಬಿದ ಕೊಳವೆಯನ್ನು ಸುತ್ತಿ ಅಂಗಳದಲ್ಲಿ ಉರುಳಿಸಿದಾಗ, ಹಳೆಯ ಗಟ್ಟಿ ರಬ್ಬರಿನ ಗಾಲಿ ಅರ್ಧದಲ್ಲಿಯೇ ಬಿದ್ದಿತು. ಗಾಳಿಯದು ಅಂಗಳವನ್ನು ದಾಟಿ ಬಾಗಿಲಿಗೆ ಬಡಿಯಿತು. ವೇಗವು ಹೀಗೆ ಆಕಸ್ಮಿಕವಾಗಿ ಸಿಕ್ಕ ಫಲ. 1889ರ ಮೇ ತಿಂಗಳಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡೋತ್ಸವಕ್ಕೆ ವಿಲಿಯಂ ಹ್ಯೂಮ್ ಎಂಬ ಸವಾರನು ಈ ಉಬ್ಬಿದ ಗಾಲಿಗಳೊಡನೆ ಬಂದಾಗ ನೆರೆದವರು ನಕ್ಕರು. ಅವನು ಗೆದ್ದ ಮೇಲೆ ನಗು ನಿಂತಿತು. ಥಾಮ್ಸನ್ನನ ಹಳೆಯ ಹಕ್ಕುಪತ್ರವು ಬೆಳಕಿಗೆ ಬಂದು ಡನ್ಲಪ್ಪನ ಹಕ್ಕು ಎರಡು ವರ್ಷಗಳಲ್ಲಿಯೇ ಬಿದ್ದುಹೋಯಿತು. ಹೆಸರು ಮಾತ್ರ ಅವನದೇ ಉಳಿಯಿತು. ಈ ರಬ್ಬರಿನ ದಾಹಕ್ಕೆ ಕಾಂಗೋ ದೇಶದ ಜನರು ಲಿಯೊಪೋಲ್ಡ್ ದೊರೆಯ ಆಳಿಕೆಯಲ್ಲಿ ತೆತ್ತ ಬೆಲೆಯನ್ನು ಇಲ್ಲಿ ವಿಸ್ತರಿಸುವುದಕ್ಕೆ ಸ್ಥಳವಿಲ್ಲ. ಆದರೆ ಟೈರಿನ ಚರಿತ್ರೆಯನ್ನು ಬರೆಯುವವರು ಅದನ್ನು ಒಂದು ವಾಕ್ಯದಲ್ಲಾದರೂ ಸ್ಮರಿಸದೆ ಮುಂದೆ ಹೋಗಬಾರದು.

ಟೈರು ಹಗುರವಾಗತೊಡಗಿದುದು ಇದರ ಮರುವರ್ಷಗಳಲ್ಲಿ. ಟೈರೆಂದರೆ ಕೇವಲ ರಬ್ಬರಲ್ಲ. ಅದರ ಒಡಲು ಬಟ್ಟೆ. ನೆಯ್ದ ಬಟ್ಟೆಯಲ್ಲಿ ಹಾಸುಹೊಕ್ಕುಗಳು ಒಂದನ್ನೊಂದು ದಾಟುತ್ತಿರುವುದರಿಂದ, ಗಾಲಿ ನೆಲವನ್ನು ಒತ್ತಿದಾಗಲೆಲ್ಲ ನೂಲು ನೂಲನ್ನು ಉಜ್ಜುವುದು. ಉಜ್ಜಿದಷ್ಟೂ ಶಕ್ತಿ ಶಾಖವಾಗಿ ವ್ಯಯವಾಗುವುದು, ಕಡೆಗೆ ನೂಲೇ ಹರಿಯುವುದು. ಅಮೆರಿಕದ ಜಾನ್ ಪಾಮರ್ 1890ರ ದಶಕದ ಆದಿಯಲ್ಲಿ ಹೊಕ್ಕನ್ನು ಬಿಟ್ಟು, ಒಂದೇ ದಿಕ್ಕಿಗೆ ಸಾಲಾಗಿ ಇಟ್ಟ ನೂಲಿನ ಪದರವನ್ನು ರಬ್ಬರಿನಲ್ಲಿ ಅದ್ದಿ, ಅದರ ಮೇಲೆ ಓರೆಯಾಗಿ ಇನ್ನೊಂದು ಪದರವನ್ನು ಹಾಯಿಸುವ ಕ್ರಮವನ್ನು ತಂದನು. ನೇಯ್ಗೆ ಬಲ್ಲ ನಮ್ಮ ಸೀಮೆಯವರಿಗೆ ಇದರ ಸೂಕ್ಷ್ಮವನ್ನು ವಿವರಿಸಬೇಕಾಗಿಲ್ಲ. ಇಂದಿಗೂ ಟೈರಿನ ಗುಣವನ್ನು ಅಳೆಯುವವರು ಅಂಗುಲವೊಂದಕ್ಕೆ ಎಷ್ಟು ಎಳೆ ಎಂದು ಕೇಳುವರು. ಎಳೆ ನಯವಾದಷ್ಟೂ ಟೈರು ಮೆತ್ತಗಾಗಿ ನೆಲಕ್ಕೆ ಒಗ್ಗುವುದು. ಪಂದ್ಯದ ಟೈರುಗಳಿಗೆ ರೇಷ್ಮೆಯ ಎಳೆಯನ್ನು ಬಳಸಿದ ಕಾಲವೂ ಇತ್ತು. ಆದರೆ ನಯವಾದ ಎಳೆ ಹರಿಯುವುದೂ ಬೇಗ. ಈ ಗುಣದೋಷಗಳೆರಡೂ ಒಂದೇ ನೂಲಿನ ಎರಡು ತುದಿಗಳು.

ತೂತು ಬಿದ್ದರೆ ಗತಿಯೇನೆಂಬುದು ಎರಡನೆಯ ಪ್ರಶ್ನೆ. ಡನ್ಲಪ್ಪನ ಟೈರನ್ನು ಗಾಲಿಗೆ ಅಂಟಿಸಲಾಗುತ್ತಿತ್ತು. ತೂತು ಹುಡುಕಲು ಅದನ್ನು ಕಿತ್ತು, ಹೊಲಿಗೆ ಬಿಚ್ಚಿ, ಮತ್ತೆ ಅಂಟಿಸಿ ಆರಿಸಬೇಕಾಗಿತ್ತು. 1890ರಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಅಂಚಿಗೆ ತಂತಿಯುಳ್ಳ ಟೈರನ್ನೂ, 1891ರಲ್ಲಿ ಫ್ರಾನ್ಸಿನ ಎದ್ವಾರ್ ಮಿಶಲಿನ್ ಸುಲಭವಾಗಿ ಬಿಚ್ಚಬಹುದಾದ ಟೈರನ್ನೂ ತಂದರು. ಅದೇ ವರ್ಷ ಪ್ಯಾರಿಸಿನಿಂದ ಬ್ರೆಸ್ಟಿಗೆ ಹೋಗಿ ಹಿಂದಿರುಗುವ ಸುಮಾರು 1,200 ಕಿಲೋಮೀಟರಿನ ಪಂದ್ಯದಲ್ಲಿ ಶಾರ್ಲ್ ತೆರೋಂ ಎಂಬವನು ಮಿಶಲಿನ್ ಟೈರಿನ ಮೇಲೆ ಗೆದ್ದನು. ಮರುವರ್ಷ ಮಿಶಲಿನ್ ಸೋದರರು ಪ್ಯಾರಿಸಿನಿಂದ ತಮ್ಮೂರಾದ ಕ್ಲೆರ್ಮೋಂ-ಫೆರಾಂವರೆಗೆ ಒಂದು ಪಂದ್ಯವನ್ನು ಏರ್ಪಡಿಸಿ ದಾರಿಯಲ್ಲಿ ಮೊಳೆಗಳನ್ನು ಎರಚಿಸಿದರು; ತಮ್ಮ ಟೈರನ್ನು ಎಷ್ಟು ಬೇಗ ಸರಿಪಡಿಸಬಹುದೆಂದು ಲೋಕಕ್ಕೆ ತೋರಿಸುವುದು ಅವರ ಉದ್ದೇಶ. ಯುರೋಪಿನ ರಸ್ತೆಯಲ್ಲಿ ಮುಳ್ಳಿನ ಅನುಭವವನ್ನು ಪಡೆಯಬೇಕಾದರೆ ಮೊಳೆ ಖರೀದಿಸಿ ಚೆಲ್ಲಬೇಕಾಯಿತೆಂಬುದನ್ನು ವಾಚಕರು ಗಮನಿಸಬೇಕು. ನಮ್ಮಲ್ಲಿ ಆ ವೆಚ್ಚವಿಲ್ಲ.

ಈ ದೇಶದ ನೆಲದ ಮೇಲೆ ಗಾಳಿಟೈರು ಹೇಗೆ ನಡೆದುಕೊಂಡಿತೆಂಬುದಕ್ಕೆ ಒಂದು ಹಳೆಯ ಸಾಕ್ಷ್ಯವುಂಟು. ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಎಂಬಾಕೆಯೂ ಆಕೆಯ ಪತಿ ವಿಲಿಯಂ ಹಂಟರ್ ವರ್ಕ್‌ಮನ್ನನೂ 1897ರಿಂದ ಎರಡೂವರೆ ವರ್ಷಗಳ ಕಾಲ ಭಾರತದ ದಕ್ಷಿಣದ ತುದಿಯಿಂದ ಹಿಮಾಲಯದವರೆಗೆ ಸೈಕಲ್ಲಿನ ಮೇಲೆ ಸಂಚರಿಸಿ, ಸುಮಾರು 14,000 ಮೈಲಿಗಳ ಆ ಯಾತ್ರೆಯ ವೃತ್ತಾಂತವನ್ನು 1904ರಲ್ಲಿ ಪ್ರಕಟಿಸಿದರು. ದೇಗುಲಗಳ ಶಿಲ್ಪವನ್ನು ನೋಡುವುದು ಅವರ ಹಂಬಲ. ಆದರೆ ಕೆಲವು ದಿನಗಳಲ್ಲಿ ಅವರು ನಲವತ್ತರವರೆಗೆ ಪಂಕ್ಚರುಗಳನ್ನು ಸರಿಪಡಿಸಬೇಕಾಯಿತು. ಒಂದು ಪಂಕ್ಚರಿಗೆ ಕಾಲು ಗಂಟೆಯೆಂದು ಹಿಡಿದರೂ ನಲವತ್ತಕ್ಕೆ ಹತ್ತು ಗಂಟೆ. ಅಂದರೆ ಹಗಲು ಪೂರ್ತಿ. ಆ ದಂಪತಿಗಳು ದುರ್ಬಲ ಸವಾರರಲ್ಲ. ಮುಂದೆ ಕಾರಕೋರಮ್ ಪರ್ವತಗಳನ್ನು ಹತ್ತಿದವರು. ಅವರನ್ನು ನಿಲ್ಲಿಸಿದುದು ಏರಲ್ಲ, ನೆಲಕ್ಕಂಟಿದ ಮುಳ್ಳು.

ಹಾಗಾದರೆ ಆ ಮುಳ್ಳು ಯಾವುದು? ಬಯಲುಸೀಮೆಯ ಸವಾರನು ಎರಡನ್ನು ಹೆಸರಿಸುವನು. ಮೊದಲನೆಯದು ನೆಗ್ಗಿಲು. ಇದು ಹಳೆಯ ಶಬ್ದ. ತಮಿಳಿನ ನೆರುಂಜಿ, ಮಲಯಾಳದ ಞೆರಿಞ್ಞಿಲ್ ಇದೇ ಬಳಗದವು. ಸಂಸ್ಕೃತದಲ್ಲಿ ಇದಕ್ಕೆ ಗೋಕ್ಷುರ, ತ್ರಿಕಂಟಕ ಎಂಬ ಹೆಸರುಗಳಿವೆ. ವೈದ್ಯಗ್ರಂಥಗಳಲ್ಲಿ ಇದರ ಮಹಿಮೆ ದೊಡ್ಡದು. ಸಸ್ಯಶಾಸ್ತ್ರಜ್ಞರು ಇದನ್ನು ಟ್ರಿಬ್ಯುಲಸ್ ಟೆರೆಸ್ಟ್ರಿಸ್ ಎಂದು ಕರೆದಿರುವರು. ಟ್ರಿಬ್ಯುಲಸ್ ಎಂಬುದು ಶತ್ರುವಿನ ಕುದುರೆಗಳನ್ನು ಕುಂಟಾಗಿಸಲು ರಣರಂಗದಲ್ಲಿ ಚೆಲ್ಲುತ್ತಿದ್ದ ಕಬ್ಬಿಣದ ಮುಳ್ಳಿನ ಹೆಸರು. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೆ ನಿಲ್ಲುವಂತೆ ಅದನ್ನು ಮಾಡುತ್ತಿದ್ದರು. ನೆಗ್ಗಿಲ ಕಾಯಿಯೂ ಹಾಗೆಯೇ. ಒಣಗಿದ ಕಾಯಿಯು ಐದು ತುಂಡುಗಳಾಗಿ ಒಡೆಯುವುದು. ಒಂದೊಂದು ತುಂಡಿಗೂ ಗಟ್ಟಿಯಾದ ಮೊನೆಗಳು. ತುಂಡು ಹೇಗೆ ಬಿದ್ದರೂ ಒಂದು ಮೊನೆ ಆಕಾಶವನ್ನೇ ನೋಡುತ್ತಿರುತ್ತದೆ. ಮಳೆಗಾಲದಲ್ಲಿ ಹಳದಿ ಹೂವು ಬಿಟ್ಟು ನೆಲಕ್ಕಂಟಿ ಹರಡಿರುವಾಗ ಈ ಬಳ್ಳಿ ಕಣ್ಣಿಗೆ ಸೌಮ್ಯವಾಗಿಯೇ ಕಾಣುವುದು. ಮಳೆ ಹಿಂದಾಗಿ ಬಳ್ಳಿ ಒಣಗಿದ ಮೇಲೆ ಹೊಲದ ಬದು, ಶಾಲೆಯ ಬಯಲು, ರೈಲುಹಳಿಯ ಪಕ್ಕದ ಕಾಲುದಾರಿ, ಎಲ್ಲಿಯೂ ಅದರ ಕಾಯಿಯದೇ ರಾಜ್ಯ. ಇದರಲ್ಲಿ ಇನ್ನೊಂದು ವಿಚಿತ್ರವುಂಟು. ಬಂಡಿಯ ಕಬ್ಬಿಣದ ಹಳಿಯು ನೆಗ್ಗಿಲನ್ನು ಅರೆದು ನಾಶಮಾಡುತ್ತಿತ್ತು; ರಬ್ಬರಿನ ಟೈರು ಅದನ್ನು ಚುಚ್ಚಿಸಿಕೊಂಡು, ಎತ್ತಿಕೊಂಡು, ಮುಂದಿನ ಊರಿಗೆ ಒಯ್ದು ಬಿತ್ತುವುದು. ಅಮೆರಿಕದಲ್ಲಿ ಈ ಸಸ್ಯವು ರಸ್ತೆಗಳ ಅಂಚಿನಲ್ಲಿಯೂ ವಿಮಾನನಿಲ್ದಾಣಗಳ ಸುತ್ತಲೂ ಹಬ್ಬಿದುದು ಟೈರುಗಳ ಮೂಲಕವೇ ಎಂದು ಅಲ್ಲಿಯವರು ಗುರುತಿಸಿರುವರು. ಗಾಳಿಟೈರು ನೆಗ್ಗಿಲಿಗೆ ಆಹಾರವೂ ಹೌದು, ವಾಹನವೂ ಹೌದು.

ಎರಡನೆಯದು ಬಳ್ಳಾರಿ ಜಾಲಿ. ಇಲ್ಲಿ ಹೆಸರು ನಮ್ಮನ್ನು ದಾರಿ ತಪ್ಪಿಸುವುದು. ಇದು ಬಳ್ಳಾರಿಯ ಮರವಲ್ಲ. ಕರಿಜಾಲಿಯಂತೆ ಈ ನೆಲದಲ್ಲಿ ಹುಟ್ಟಿದುದೂ ಅಲ್ಲ. ಪ್ರೊಸೊಪಿಸ್ ಜೂಲಿಫ್ಲೋರ ಎಂಬ ಈ ಗಿಡದ ಬೀಜವನ್ನು 1877ರಲ್ಲಿ ಜಮೈಕಾ ದ್ವೀಪದಿಂದ ತರಿಸಿ, ಒಣಸೀಮೆಗೆ ಉರುವಲು ಆದೀತೆಂಬ ನಿರೀಕ್ಷೆಯಿಂದ, ಮದರಾಸು ಪ್ರಾಂತದ ಕಡಪಾ ಜಿಲ್ಲೆಯಲ್ಲಿ ನೆಡಲಾಯಿತು. ಉರುವಲು, ಇದ್ದಲು, ಬೇಲಿ ಎಲ್ಲವೂ ಅದರಿಂದ ದೊರೆತವು. ಅದರ ಸಿಹಿಯಾದ ಕಾಯಿಯನ್ನು ಆಡುದನಗಳು ತಿಂದು ಬೀಜವನ್ನು ಎಲ್ಲೆಡೆ ಹಾಕಿದವು. ಕೆರೆಯಂಗಳ, ಹಳ್ಳದ ದಂಡೆ, ಬೀಳುಹೊಲಗಳೆಲ್ಲ ಅದರ ಪಾಲಾದವು. ಬೇಲಿಗೆಂದು ಕಡಿದ ಕೊಂಬೆಯನ್ನು ಎಳೆದುಕೊಂಡು ಹೋದ ದಾರಿಯಲ್ಲೆಲ್ಲ ಮುಳ್ಳು ಉದುರುವುದು. ಆ ಮುಳ್ಳು ಉದ್ದವಾಗಿಯೂ ನೆಟ್ಟಗಾಗಿಯೂ ಇದ್ದು ದಪ್ಪವಾದ ಟೈರನ್ನೂ ಹೊಕ್ಕುಬಿಡುವುದು. ಹೀಗೆ ಗಾಳಿಟೈರು ಬೆಲ್‌ಫಾಸ್ಟಿನಲ್ಲಿ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲೇ ಅದರ ಶತ್ರು ಕಡಪಾದಲ್ಲಿ ಬೇರುಬಿಟ್ಟಿತ್ತು. ಎರಡೂ ಹೊರಗಿನಿಂದ ಬಂದವು. ಇವೆರಡರ ಭೇಟಿಯು ನಮ್ಮ ಹೊಲದ ಬದುವಿನಲ್ಲಿ ನಡೆಯಿತು.

ಈ ಹಿನ್ನೆಲೆಯಲ್ಲಿ ನಮ್ಮ ಊರುಗಳ ಸಾಮಾನ್ಯ ಸೈಕಲ್ಲನ್ನು ನೋಡಬೇಕು. ಡನ್ಲಪ್ ಕಂಪೆನಿಯು ಬಂಗಾಳದ ಸಾಹಾಗಂಜಿನಲ್ಲಿ 1936ರಲ್ಲಿ ಕಾರ್ಖಾನೆಯನ್ನು ತೆರೆಯಿತು. ಮದರಾಸಿನ ಬಳಿ ಅಂಬತ್ತೂರಿನಲ್ಲಿ 1949ರಲ್ಲಿ ಟಿ. ಐ. ಸೈಕಲ್ಸ್, ಆಮೇಲೆ ಸೋನಿಪತದಲ್ಲಿ ಅಟ್ಲಾಸ್, ಲುಧಿಯಾನದಲ್ಲಿ ಹೀರೋ ಸ್ಥಾಪಿತವಾದವು. ಕೊಪ್ಪಳವು 1948ರವರೆಗೆ ಹೈದರಾಬಾದು ಸಂಸ್ಥಾನದಲ್ಲಿ ಸಾಲಾರಜಂಗರ ಜಹಗೀರಿಯಾಗಿತ್ತು. 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಆಳಿಕೆ ಬದಲಾದರೂ ಸೈಕಲ್ಲಿನ ಗಾಲಿಯ ಅಳತೆ ಬದಲಾಗಲಿಲ್ಲ: 28 ಅಂಗುಲ, ಒಂದೂವರೆ ಅಂಗುಲದ ಅಗಲ. ಟೈರಿನ ತೂಕ ಒಂದು ಕಿಲೋಗ್ರಾಮಿಗೆ ಸಮೀಪ. ಈ ಅಂಕೆಗಳ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. ಪರದೇಶಗಳ ಗುಡ್ಡದ ಸೈಕಲ್ಲಿಗೆ 29 ಅಂಗುಲದ ಗಾಲಿ ಬಂದುದನ್ನು ದೊಡ್ಡ ನವೀನತೆಯೆಂದು ಘೋಷಿಸಲಾಯಿತು. ಟೈರು ಕೂರುವ ರಿಮ್ಮಿನ ವ್ಯಾಸವನ್ನು ಅಳೆದರೆ ಆ 29 ಅಂಗುಲದ್ದು 622 ಮಿಲಿಮೀಟರು. ನಮ್ಮ ಹಾಲಿನವನ 28 ಅಂಗುಲದ್ದು 635 ಮಿಲಿಮೀಟರು. ಹೆಸರಿನಲ್ಲಿ ಚಿಕ್ಕದು, ಅಳತೆಯಲ್ಲಿ ದೊಡ್ಡದು. ದೊಡ್ಡ ಗಾಲಿ ಗುಂಡಿಗೆ ಕಡಿಮೆ ಬೀಳುವುದೆಂಬ ತತ್ತ್ವವನ್ನು ನಮ್ಮ ಕೆಟ್ಟ ರಸ್ತೆಗಳು ಯಾರ ಘೋಷಣೆಯನ್ನೂ ಕಾಯದೆ ಉಳಿಸಿಕೊಂಡಿದ್ದವು.

ಇನ್ನು ದುರಸ್ತಿ. ಪಂಚರ್ ಅಂಗಡಿಯ ವಿದ್ಯೆಯನ್ನು ಯಾವ ಗ್ರಂಥದಲ್ಲಿಯೂ ಬರೆದಿಲ್ಲ. ಟ್ಯೂಬಿಗೆ ಗಾಳಿ ತುಂಬಿ ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಏಳುವ ಕಡೆಯನ್ನು ಬೆರಳಿನಿಂದ ಹಿಡಿಯುವುದು, ಉಪ್ಪುಕಾಗದದಿಂದ ಉಜ್ಜುವುದು, ಸಲೂಶನ್ ಬಳಿದು ಆರಿಸಿ ಪ್ಯಾಚು ಒತ್ತುವುದು, ಇಷ್ಟು ಎಲ್ಲರೂ ಬಲ್ಲರು. ಆದರೆ ಟೈರು ಹರಿದಾಗ ಹಳೆಯ ಟೈರಿನ ತುಂಡನ್ನು ಹೆರೆದು ಒಳಗಿಟ್ಟು ಮುಳ್ಳಿಗೂ ಟ್ಯೂಬಿಗೂ ನಡುವೆ ಗೋಡೆ ಕಟ್ಟುವುದು ಇಲ್ಲಿಯವರ ಸ್ವಂತ ತೀರ್ಮಾನ. ಅದರಿಂದ ತೂಕ ಹೆಚ್ಚುವುದೆಂಬುದು ಅವರಿಗೆ ತಿಳಿಯದುದಲ್ಲ. ಆ ತೂಕವನ್ನು ಅವರು ಬೇಕೆಂದೇ ಕೊಳ್ಳುವರು. 2006–07ನೆಯ ಸಾಲಿನಲ್ಲಿ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡಲು ಆರಂಭಿಸಿದ ಮೇಲೆ, ಊರಲ್ಲಿ ಪ್ರೌಢಶಾಲೆಯಿಲ್ಲದ ಎಷ್ಟೋ ಹುಡುಗಿಯರು ಇಂತಹ ಗಾಲಿಯ ಮೇಲೆಯೇ ಓದನ್ನು ಮುಂದುವರಿಸಿದರು. ಆ ಹುಡುಗಿಗೆ ದಾರಿಯಲ್ಲಿ ಗಾಳಿ ಹೋದರೆ ಅಂದಿನ ಪಾಠ ಹೋಯಿತು. ಹಾಲಿನವನಿಗಾದರೆ ಹಾಲು ಕೆಟ್ಟಿತು. ಅವರ ಲೆಕ್ಕದಲ್ಲಿ ಇನ್ನೂರು ಗ್ರಾಮಿನ ಉಳಿತಾಯಕ್ಕೆ ಏನು ಬೆಲೆ?

ಈಗ ಹಗುರ ಟೈರಿನ ಸವಾರರ ಕಡೆಗೆ ತಿರುಗೋಣ. ಅವರ ಅನುಭವವೂ ಇದೇ ಪ್ರಶ್ನೆಗೆ ಬಂದು ಮುಟ್ಟುವುದೆಂಬುದು ನನ್ನ ವಾದ. ಗುಡ್ಡದ ಸೈಕಲ್ಲಿನ ಮೂಲವು ಹಗುರತನದಲ್ಲಿಲ್ಲ. ಅಮೆರಿಕದ ಶ್ವಿನ್ ಕಂಪೆನಿಯು 1933ರಲ್ಲಿ ಮಕ್ಕಳ ಸೈಕಲ್ಲಿಗೆಂದು ಎರಡು ಅಂಗುಲಕ್ಕೂ ಮಿಕ್ಕಿ ಅಗಲವಾದ ಬಲೂನು ಟೈರನ್ನು ಹೊರತಂದಿತು. ನಲವತ್ತು ವರ್ಷಗಳ ತರುವಾಯ ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದ ತರುಣರು ಆ ಗುಜರಿ ಸೈಕಲ್ಲುಗಳನ್ನು ಬೆಟ್ಟಕ್ಕೆ ಒಯ್ದು ಇಳಿಜಾರಿನಲ್ಲಿ ಓಡಿಸಿದರು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಊರಿನ ಬಳಿ ನಡೆದ ಅವರ ಮೊದಲ ಪಂದ್ಯಕ್ಕೆ ರೀಪ್ಯಾಕ್ ಎಂದು ಹೆಸರು. ಒಂದು ಇಳಿತಕ್ಕೆ ಹಿಂಗಾಲಿಯ ಬ್ರೇಕಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗಿ, ಅದನ್ನು ಮತ್ತೆ ತುಂಬಬೇಕಾಗುತ್ತಿದ್ದುದರಿಂದ ಬಂದ ಹೆಸರು. 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ಇದರ ಮೊದಲ ಅಧಿಕೃತ ವಿಶ್ವಸ್ಪರ್ಧೆ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಕ್ರಾಸ್‌ಕಂಟ್ರಿ ಓಟವು ಸೇರಿ, ಹಾಲೆಂಡಿನ ಬಾರ್ಟ್ ಬ್ರೆಂಟ್ಯೆನ್ಸ್, ಇಟಲಿಯ ಪಾವೋಲಾ ಪೆಝ್ಝೋ ಸ್ವರ್ಣವನ್ನು ಪಡೆದರು. ಏರುವ ಓಟವು ಇಳಿಯುವ ಓಟವನ್ನು ಹಿಂದಿಕ್ಕಿದಾಗ ಗ್ರಾಮಿನ ಲೆಕ್ಕ ಆರಂಭವಾಯಿತು. ತಂತಿಯ ಅಂಚನ್ನು ತೆಗೆದು ಅರಮಿಡ್ ನೂಲಿನ ಅಂಚನ್ನಿಟ್ಟರು. ಪಕ್ಕೆಯ ರಬ್ಬರನ್ನು ಕಾಗದದಂತೆ ತೆಳುಮಾಡಿದರು. ನೆಲ ಕಚ್ಚುವ ಉಬ್ಬುಗಳನ್ನು ಕತ್ತರಿಸಿ ಚಿಕ್ಕದಾಗಿಸಿದರು. ಮ್ಯಾಕ್ಸಿಸ್ ಸಂಸ್ಥೆಯ ಮ್ಯಾಕ್ಸ್‌ಲೈಟ್ 285 ಎಂಬ ಟೈರಿಗೆ ಅದರ ತೂಕದ ಗ್ರಾಮುಗಳೇ ಹೆಸರಾದವು. ನಮ್ಮ ಹಾಲಿನವನ ಒಂದು ಟೈರಿನ ತೂಕದಲ್ಲಿ ಇಂತಹವು ಮೂರು!

ಇವುಗಳನ್ನು ಬಳಸಿದವರ ಅನುಭವವು ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ ಬಗೆಯದು. ಮೊದಲ ದಿನ ಸೈಕಲ್ಲಿಗೆ ರೆಕ್ಕೆ ಬಂದಂತೆ ತೋರುವುದು. ಏರಿನಲ್ಲಿ ಪೆಡಲು ತುಳಿದೊಡನೆ ಗಾಲಿ ಚಿಮ್ಮುವುದು. ಎರಡನೆಯ ವಾರ ಚೂಪುಕಲ್ಲಿಗೆ ಪಕ್ಕೆ ಸೀಳುವುದು. ಗಾಳಿ ಕಡಿಮೆ ಮಾಡಿದರೆ ಟೈರು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕು ಟ್ಯೂಬಿನಲ್ಲಿ ಎರಡು ತೂತು ಅಕ್ಕಪಕ್ಕ ಬೀಳುವವು. ಸವಾರರು ಇದನ್ನು ಹಾವಿನ ಕಡಿತವೆಂದೇ ಕರೆಯುವರು. ಗಾಳಿ ಹೆಚ್ಚಿಸಿದರೆ ಗಾಲಿ ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸಿ ಹಿಡಿತ ತಪ್ಪುವುದು, ಮೈ ನಡುಗಿ ಬಲ ಉಡುಗುವುದು. ತೆಳುವಾದ ಟೈರಿಗೆ ತನ್ನದೇ ಆದ ಬಿಗಿಯಿಲ್ಲದುದರಿಂದ ಗಾಳಿ ಹೆಚ್ಚಿಸಲೇಬೇಕಾಗುವುದು. ಹೀಗೆ ಹಗುರತನದಿಂದ ಗಳಿಸಿದುದನ್ನು ಕುಲುಕಾಟದಲ್ಲಿ ಕಳೆಯುವುದಾಯಿತು.

ಲೆಕ್ಕವನ್ನೂ ಸ್ವಲ್ಪ ನೋಡಬಹುದು. ಸವಾರನು 70 ಕಿಲೋ, ಸೈಕಲ್ಲು 10 ಕಿಲೋ ಎಂದು ಹಿಡಿಯೋಣ. ಎರಡು ಟೈರುಗಳಲ್ಲಿ ತಲಾ 200 ಗ್ರಾಮು ಉಳಿಸಿದರೆ ಒಟ್ಟು ಭಾರದಲ್ಲಿ ಶೇಕಡ ಅರೆಯಷ್ಟು ಕಡಿಮೆಯಾಗುವುದು. ಗಾಲಿಯ ಅಂಚಿನ ತೂಕವು ಎರಡರಷ್ಟು ಲೆಕ್ಕಕ್ಕೆ ಬರುವುದೆಂಬ ಮಾತು ವೇಗವನ್ನು ಏರಿಸುವ ಕ್ಷಣಕ್ಕೆ ಮಾತ್ರ ನಿಜ. ಒಂದೇ ವೇಗದಲ್ಲಿ ಏರುತ್ತಿರುವಾಗ ಅಲ್ಲ. ಒಂದೂವರೆ ಗಂಟೆಯ ಓಟವೆಲ್ಲ ಏರೇ ಆಗಿದ್ದರೂ ಲಾಭ ಅರ್ಧ ನಿಮಿಷಕ್ಕಿಂತ ಕಡಿಮೆ. ಒಂದು ಪಂಕ್ಚರಿಗೆ ಹೋಗುವ ಕಾಲ ಅದರ ಹಲವು ಪಟ್ಟು. ಮಿಗಿಲಾಗಿ ಈ ಕ್ರೀಡೆಯ ಮೊದಲ ವರ್ಷಗಳಲ್ಲಿ ಸವಾರನು ತನ್ನ ದುರಸ್ತಿಯನ್ನು ತಾನೇ ಮಾಡಿಕೊಳ್ಳಬೇಕೆಂಬ ನಿಯಮವಿತ್ತು. ನೆರವು ಪಡೆಯುವ ಕಟ್ಟೆಗಳು ಬಂದುದು ಆಮೇಲೆ. ದಾರಿಯ ಪಕ್ಕದಲ್ಲಿ ಬದಲಿ ಗಾಲಿ ಹಿಡಿದು ನಿಂತವನೊಬ್ಬನಿದ್ದರೆ ಮಾತ್ರ 285 ಗ್ರಾಮಿನ ಟೈರು ಬುದ್ಧಿವಂತಿಕೆಯೆನಿಸುವುದು. ಆದುದರಿಂದ ಟೈರಿನ ಹಗುರತನವೆಂಬುದು ಟೈರಿನ ಗುಣವಷ್ಟೇ ಅಲ್ಲ. ಸವಾರನ ಹಿಂದೆ ಎಷ್ಟು ಜನ ಇದ್ದಾರೆಂಬುದರ ಗುರುತೂ ಹೌದು.

ಮುಂದೆ ನಡೆದುದು ಕುತೂಹಲಕರವಾಗಿದೆ. 1999ರಲ್ಲಿ ಫ್ರಾನ್ಸಿನ ಮಾವಿಕ್, ಮಿಶಲಿನ್, ಹಚಿನ್‌ಸನ್ ಸಂಸ್ಥೆಗಳು ಕೂಡಿ ಗುಡ್ಡದ ಸೈಕಲ್ಲಿಗೆ ಟ್ಯೂಬಿಲ್ಲದ ಟೈರನ್ನು ತಂದವು. ಟ್ಯೂಬಿಲ್ಲದ ಕಡೆ ಹಾವಿನ ಕಡಿತಕ್ಕೆ ಅವಕಾಶವಿಲ್ಲ. ಅದಾದ ಮೇಲೆ ಟೈರಿನೊಳಗೆ ಹಾಲಿನಂತಹ ರಬ್ಬರುದ್ರವವನ್ನು ಹಾಕಿ, ತೂತು ಬಿದ್ದೊಡನೆ ಅದು ತಾನೇ ಹೆಪ್ಪುಗಟ್ಟಿ ಮುಚ್ಚುವಂತೆ ಮಾಡುವ ಪದ್ಧತಿ ಹಬ್ಬಿತು. ಇದನ್ನು ಅತ್ಯಂತ ಆತುರದಿಂದ ಬರಮಾಡಿಕೊಂಡವರಲ್ಲಿ ಅಮೆರಿಕದ ಪಶ್ಚಿಮದ ಒಣಸೀಮೆಯವರು ಮುಖ್ಯರು. ಅವರ ಶತ್ರು ಯಾರೆಂದು ವಿಚಾರಿಸಿದರೆ, ಅಲ್ಲಿ ಮೇಕೆತಲೆಯೆಂದು ಹೆಸರು ಪಡೆದ ಒಂದು ಮುಳ್ಳುಕಾಯಿ; ಅದು ನಮ್ಮ ನೆಗ್ಗಿಲೇ. ಕೊಲರಾಡೋದ ಓಟಗಾರನೂ ಕೊಪ್ಪಳದ ಹಾಲಿನವನೂ ಒಂದೇ ಗಿಡವನ್ನು ಬೈಯುತ್ತಿದ್ದರೆಂಬುದು ನನಗೆ ಈ ಅಧ್ಯಯನದಲ್ಲಿ ದೊರೆತ ಸಂತೋಷಗಳಲ್ಲಿ ಒಂದು. ಇತ್ತೀಚಿನ ವರ್ಷಗಳಲ್ಲಿ ವಿಶ್ವಮಟ್ಟದ ಓಟಗಾರರೇ ಮುನ್ನೂರು ಗ್ರಾಮಿನ ಟೈರುಗಳನ್ನು ಬಿಟ್ಟು, ಎರಡೂಕಾಲು, ಎರಡೂವರೆ ಅಂಗುಲದ ಆಸುಪಾಸಿನ ಅಗಲವುಳ್ಳ, 700 ಗ್ರಾಮಿನ ಸುತ್ತಮುತ್ತ ತೂಗುವ ಟೈರುಗಳಿಗೆ ಮರಳಿರುವರು. ಗಾಲಿಯ ವ್ಯಾಸ ದೊಡ್ಡದಾದುದೂ ಇದಕ್ಕೆ ಒಂದು ಕಾರಣವೆಂಬುದನ್ನು ಒಪ್ಪಬೇಕು. ಆದರೆ ಮುಖ್ಯ ಕಾರಣವು, ಒರಟುನೆಲದಲ್ಲಿ ಅಗಲವಾದ ಟೈರು ಕಡಿಮೆ ಗಾಳಿಯಲ್ಲಿ ಬೇಗ ಓಡುವುದೆಂಬ ಅನುಭವ. ಮಗನ ಕುಲುಕಾಟವನ್ನು ತಪ್ಪಿಸಲು ಹೊರಟ ಡನ್ಲಪ್ಪನಿಗೆ ವೇಗ ಸಿಕ್ಕಿದುದೂ ಇದೇ ಬಗೆಯಲ್ಲಿ. ಅವರು ನೂರಕ್ಕೂ ಮಿಕ್ಕಿ ವರ್ಷ ಸುತ್ತಿ ಅವನ ಅಂಗಳಕ್ಕೇ ಬಂದರು.

ನಮ್ಮ ಸೀಮೆಗೂ ಈ ಕ್ರೀಡೆ ಬಂದಿದೆ. ವಿಜಯಪುರ, ಬಾಗಲಕೋಟೆಗಳು ಸೈಕಲ್ ಓಟಗಾರರಿಗೆ ಹೆಸರಾದ ಜಿಲ್ಲೆಗಳು. ಗಿಣಿಗೇರಾದಿಂದ ಪಶ್ಚಿಮಕ್ಕೆ ರೈಲಿನಲ್ಲಿ ಹೋದರೆ ಸಿಕ್ಕುವ ಗದಗಿನಲ್ಲಿ 2022ರಲ್ಲಿ ಗುಡ್ಡದ ಸೈಕಲ್ಲಿನ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ಪೂರ್ವಕ್ಕೆ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸುತ್ತ ಬಂಡೆಗಳ ನಡುವೆ ಯಾತ್ರಿಕರು ಸೈಕಲ್ಲು ಹೊಡೆಯುವರು. ಈ ನೆಲದಲ್ಲಿ ಹಗುರ ಟೈರನ್ನು ಪರೀಕ್ಷಿಸುವವನಿಗೆ ಮೂರು ನೆಲ, ಮೂರು ಪರೀಕ್ಷೆ. ಬಂಡೆಯ ಮೇಲೆ ರಬ್ಬರು ಚೆನ್ನಾಗಿ ಕಚ್ಚುವುದು, ಆದರೆ ಅದರ ಹರಳು ಪಕ್ಕೆಯನ್ನು ಅರದಂತೆ ತೇಯುವುದು. ಮಸಾರಿಯ ಗರಸಿನಲ್ಲಿ ಚಿಕ್ಕ ಉಬ್ಬಿನ ಟೈರು ಗೋಲಿಗಳ ಮೇಲೆ ಕಾಲಿಟ್ಟಂತೆ ಜಾರುವುದು. ಎರೆಯಲ್ಲಿ ಮಳೆ ಬಿದ್ದ ಮೇಲಾದರೆ ತೂಕದ ಮಾತೇ ಹಾಸ್ಯಾಸ್ಪದ. ಹತ್ತು ಸುತ್ತಿಗೆ ಟೈರಿನ ಮೇಲೆ ಅಂಟಿದ ಮಣ್ಣು ಟೈರಿಗಿಂತ ಹೆಚ್ಚು ತೂಗುವುದು, ಗಾಲಿ ಸುತ್ತುವುದೇ ನಿಲ್ಲುವುದು. ಆಗ ರೈತನು ಮಾಡುವುದನ್ನೇ ಓಟಗಾರನೂ ಮಾಡುವನು: ಕಡ್ಡಿಯಿಂದ ಮಣ್ಣು ಕೆರೆದು, ಸೈಕಲ್ಲನ್ನು ಹೆಗಲಿಗೇರಿಸಿ ನಡೆಯುವುದು.

ಮುಳ್ಳಿನ ಪರೀಕ್ಷೆಯಲ್ಲಿ ಹೊಸ ದ್ರವವು ಬಹುಮಟ್ಟಿಗೆ ಗೆದ್ದಿದೆಯೆನ್ನಬಹುದು. ಆದರೆ ಅದಕ್ಕೂ ಈ ಸೀಮೆಯ ಒಂದು ತಗಾದೆಯುಂಟು. ದ್ರವವು ಕೆಲವು ತಿಂಗಳಲ್ಲಿ ಆರಿ ತೊಗಟೆಯಾಗುವ ವಸ್ತು. ಬಿಸಿಲು ಹೆಚ್ಚಿದಷ್ಟೂ ಬೇಗ ಆರುವುದು. ಇಲ್ಲಿಯ ಬೇಸಗೆಯಲ್ಲಿ ಅದನ್ನು ಮತ್ತೆಮತ್ತೆ ತುಂಬದಿದ್ದರೆ ಟೈರು ಬರಿದಾಗಿರುವುದು ಸವಾರನಿಗೆ ತಿಳಿಯುವುದು ಮುಳ್ಳು ಚುಚ್ಚಿದ ಮೇಲೆಯೇ. ಮತ್ತೊಂದು ಸಂಗತಿಯನ್ನು ಈ ಕ್ರಮಕ್ಕೆ ಹೊಸಬರಾದವರು ಬೇಗ ಕಲಿಯುವರು. ದ್ರವವು ತೂತನ್ನು ಮುಚ್ಚುವುದಲ್ಲದೆ ಮುಳ್ಳನ್ನು ತೆಗೆಯುವುದಿಲ್ಲ. ತಿಂಗಳುಗಟ್ಟಲೆ ಸುಖವಾಗಿ ಓಡಿದ ಟೈರಿನೊಳಗೆ ಹತ್ತಾರು ನೆಗ್ಗಿಲ ಮೊನೆಗಳು ತಲೆಯೆತ್ತಿ ನಿಂತಿರುತ್ತವೆ. ಪಕ್ಕೆ ಸೀಳಿ ದ್ರವ ಸೋರಿಹೋದ ದಿನ ಸವಾರನು ಚೀಲದಲ್ಲಿದ್ದ ಟ್ಯೂಬನ್ನು ಅದರೊಳಗೆ ಇಟ್ಟು ಗಾಳಿ ಹೊಡೆದರೆ, ಆ ಮೊನೆಗಳೆಲ್ಲ ಒಟ್ಟಿಗೆ ಟ್ಯೂಬನ್ನು ಹೊಗುವವು. ಆದುದರಿಂದ ಟ್ಯೂಬು ಇಡುವ ಮೊದಲು ಟೈರಿನ ಒಳಸುತ್ತನ್ನೆಲ್ಲ ಬೆರಳಾಡಿಸಿ ನೋಡಬೇಕು. ಪಂಚರ್ ಅಂಗಡಿಯವನು ಪ್ಯಾಚು ಹಾಕಿದ ಮೇಲೆ, ಟ್ಯೂಬನ್ನು ಒಳಗಿಡುವ ಮೊದಲು, ಮಾತಾಡುತ್ತಲೇ ಮಾಡುವ ಹಾಗೆ.